ಮೂವತ್ತೊಂದು ಸೆಕೆಂಡಿನ ಅಪ್ಪ

೧

ಜಮೈಕಾದಿಂದ ಶುರು ಮಾಡಿದ್ದೆ. ಸ್ಕಾ ಎಂಬ ಸಂಗೀತ ಅಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಹೋಗಿ, ತೊಂಬತ್ತರ ದಶಕದಲ್ಲಿ ಅಮೆರಿಕದ ಸಬರ್ಬುಗಳ ಗ್ಯಾರೇಜಿಗೆ ಬಂದು ಬಿದ್ದ ಬಗೆಯನ್ನು ಎರಡು ಪುಟ ಬರೆದೆ. ಓದಿದರೆ ಹೈಸ್ಕೂಲಿನ ಪ್ರಬಂಧದ ಹಾಗಿತ್ತು. ಹರಿದೆ. ಎರಡನೆಯ ಡ್ರಾಫ್ಟು ಅಪ್ಪನ ಸಾವಿನಿಂದ ಹೊರಟಿತು. (ಅನುವಾದಿತ ಕಾದಂಬರಿಗಳನ್ನು ಹೆಚ್ಚು ಓದಿದವರಿಗೆ ಹತ್ತುವ ಕಾಯಿಲೆ ಇದು, ಮೊದಲ ಸಾಲಿನಲ್ಲೇ ಯಾರಾದರೂ ಸಾಯಬೇಕು.) ಆದರೆ ಈ ಕಥೆಯ ಅಪ್ಪ ಸತ್ತಿಲ್ಲ. ಗಟ್ಟಿಮುಟ್ಟಾಗಿದ್ದಾರೆ. ಕಷ್ಟ ಇರುವುದೇ ಅಲ್ಲಿ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಅವಿನಾಶ್ ಎಂಬ ಹುಡುಗ ಒಂದು ಸ್ಕಾ ಬ್ಯಾಂಡಿನಲ್ಲಿ ಟ್ರಾಂಬೋನ್ ಎಂಬ ಉದ್ದ ಹಿತ್ತಾಳೆಯ ಕೊಳವೆ ಊದುತ್ತಿದ್ದ. ಆ ಬ್ಯಾಂಡಿನ ಸೀಡಿಯ ಮೊದಲ ಮೂವತ್ತೊಂದು ಸೆಕೆಂಡು ಅವನ ಅಪ್ಪನ ದನಿಯಿದೆ, ಕನ್ನಡದಲ್ಲಿ. ಕೇಳಿದವರೆಲ್ಲ ನಗುತ್ತಿದ್ದರು, ಏಕೆಂದರೆ ಯಾರಿಗೂ ಅದು ಅರ್ಥವಾಗುತ್ತಿರಲಿಲ್ಲ. ಅರ್ಥವಾಗುವವರ ಕಿವಿಗೆ ಬಿದ್ದರೆ ಏನು ಗತಿ ಎಂಬುದೇ ಅವನ ಭಯ. ಅದರಲ್ಲೂ ಅಪ್ಪನ ಕಿವಿಗೆ.

೨

ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ, ೧೯೯೩ರಲ್ಲಿ, ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿನಿಂದ ಕಳಚಿಕೊಂಡ ಏಳು ಹುಡುಗರು ಡ್ರಮ್ಮರ್ ಗ್ರೆಗ್‌ನ ಮನೆಯ ಬೇಸ್‌ಮೆಂಟಿಗೆ ಇಳಿದರು. ರಸ್ತೆ ರಿಪೇರಿಯ ಬೋರ್ಡು ನೋಡಿ ‘ಲೆಫ್ಟ್ ಲೇನ್ ಕ್ಲೋಸ್ಡ್’ ಎಂದು ಹೆಸರಿಟ್ಟುಕೊಂಡರು. ತೆಳ್ಳನೆಯ ಕಪ್ಪು ಟೈ, ತಾಳದ ಎಡೆಗಳಲ್ಲಿ ಚಕ್ ಚಕ್ ಎಂದು ಬೀಳುವ ಗಿಟಾರು, ಎದುರಿಗೆ ಮೂವರು ಊದುವವರು, ಕೆಳಗೆ ನಿಂತಲ್ಲೇ ಓಡುತ್ತಿರುವವರಂತೆ ಕುಣಿಯುವ ಜನ. ಇಷ್ಟೇ ಸ್ಕಾ.

ಒಂದು ಸಲ ಚರ್ಚಿನ ಹಾಲಿನಲ್ಲಿ ಗಿಟಾರಿನ ತಂತಿ ಹರಿಯಿತು. ಜನ ಸುಮ್ಮನೆ ನಿಂತಿದ್ದರು. ಅವಿನಾಶ್ ಮೈಕು ಹಿಡಿದು ಅಪ್ಪನ ದನಿಯಲ್ಲಿ, ಅಪ್ಪನ ಇಂಗ್ಲಿಷಿನಲ್ಲಿ ಗದರಿದ: ಥರ್ಮೋಸ್ಟಾಟ್ ಮುಟ್ಟಿದ್ದು ಯಾರು, ಇಡೀ ಮೇರಿಲ್ಯಾಂಡಿಗೆ ನಾನೊಬ್ಬನೇ ಬಿಸಿಗಾಳಿ ಒದಗಿಸಬೇಕಾ? ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ತಂತಿ ಹರಿಯಲಿ ಬಿಡಲಿ, ಪ್ರತಿ ಶೋನಲ್ಲೂ ‘ಡ್ಯಾಡ್’ ಬರಲೇಬೇಕಾಯಿತು.

(ನೀವೂ ನಕ್ಕಿರಬಹುದು. ನಗಲಿ ಅಂತಲೇ ಬರೆದದ್ದು.)

ಅಪ್ಪ ಸೂರ್ಯನಾರಾಯಣ ಸೇತುವೆಗಳ ಇಂಜಿನಿಯರ್. ಐದು ವರ್ಷ ಪ್ರತಿ ಗುರುವಾರ ಮಗನನ್ನು ಟ್ರಾಂಬೋನ್ ಕ್ಲಾಸಿಗೆ ಕರೆದೊಯ್ದು ಕಾರಿನಲ್ಲೇ ಕೂತು ಕಾದವರು. ಕೊಳವೆಯಿಂದ ತೊಟ್ಟಿಕ್ಕುವ ಎಂಜಲು ಕಾರ್ಪೆಟ್ಟಿಗೆ ಬೀಳದಿರಲೆಂದು ಹಳೆಯ ಟವಲು ಹಾಸುತ್ತಿದ್ದವರು. ಇದು ಸ್ಟೇಜಿನ ಮೇಲೆ ಯಾವತ್ತೂ ಬರಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

೩

೧೯೯೬ರ ಮಾರ್ಚಿನ ಒಂದು ಸೋಮವಾರ ಅವಿನಾಶ್ ಬೇಸ್‌ಮೆಂಟಿಗೆ ತಡವಾಗಿ ಹೋದ. ಕಾಲೇಜು ಸೇರಿದ ಮೇಲೆ ಅವನ ಅರ್ಧ ವಾಸ ಅಲ್ಲೇ. ಅಲ್ಲಿಯ ಫೋನಿನ ಆನ್ಸರಿಂಗ್ ಮಷಿನ್ನಿನಲ್ಲಿ ಅಪ್ಪ ಅವನಿಗೆ ಬಿಟ್ಟಿದ್ದ ಸಂದೇಶವನ್ನು ಗ್ರೆಗ್ ಆಗಲೇ ಟೇಪಿಗೆ ಇಳಿಸಿ, ಮಾತಿನ ಏರಿಳಿತಕ್ಕೆ ಸರಿಯಾಗಿ ಡ್ರಮ್ ಕೂಡಿಸಿಬಿಟ್ಟಿದ್ದ. ಆರೂ ಜನ ಕಾರ್ಪೆಟ್ಟಿನ ಮೇಲೆ ಉರುಳಾಡಿ ನಗುತ್ತಿದ್ದರು. ಇದಕ್ಕಿಂತ ಒಳ್ಳೆಯ ಇಂಟ್ರೋ ಸಿಗುವುದಿಲ್ಲ ಎಂದ ಗ್ರೆಗ್. ಏನು ಹೇಳುತ್ತಿದ್ದಾರೆ ಎಂದು ಕೇಳಿದ.

ಅವಿನಾಶ್ ಪೂರ್ತಿ ಕೇಳಿಸಿಕೊಂಡ. ಎರಡನೆಯ ಸಲ ಹಾಕಿಸಿ ಕೇಳಿದ. ಆಮೇಲೆ ಊಟ ಆಯಿತಾ ಅಂತ ಕೇಳುತ್ತಿದ್ದಾರೆ ಎಂದ.

ನಗು ಇನ್ನೂ ಜೋರಾಯಿತು. ಅವನೂ ನಕ್ಕ.

ಆ ಸಂದೇಶದಲ್ಲಿ ನಿಜವಾಗಿ ಏನಿತ್ತು? ಮೊದಲು ನಾನು ಅಮ್ಮನಿಗೆ ಕ್ಯಾನ್ಸರ್ ಎಂದು ಬರೆದಿದ್ದೆ. ಇದನ್ನೆಲ್ಲ ನನಗೆ ಹೇಳಿದವನು ಅವಿನಾಶನೇ; ಹಾಗೆ ಬರೆದೆ ಎಂದಾಗ ಅವನು ಒಪ್ಪಲಿಲ್ಲ. ಕಾಯಿಲೆಯ ಸುದ್ದಿಯಾಗಿದ್ದರೆ ತಾನು ಹಾಗೆ ಮಾಡುತ್ತಿರಲಿಲ್ಲ, ಅಷ್ಟು ಕೆಟ್ಟವನಲ್ಲ ಎಂದ. ತಾನು ಎಷ್ಟು ಕೆಟ್ಟವನು ಎಂಬುದರ ಬಗ್ಗೆ ಅವನು ಬಹಳ ಕರಾರುವಾಕ್ಕು.

೪

ಆ ಸೀಡಿ ನಡೆಯಿತು. ಆ ಎರಡು ವರ್ಷ ಅಮೆರಿಕದಲ್ಲಿ ಟ್ರಾಂಬೋನ್ ಹಿಡಿದ ಯಾರಿಗೆ ಬೇಕಾದರೂ ಸ್ಟೇಜು ಸಿಗುತ್ತಿತ್ತು. ೧೯೯೭ರ ಬೇಸಿಗೆಯಲ್ಲಿ ಏಳೂ ಜನ ಒಂದು ವ್ಯಾನಿನಲ್ಲಿ ದಕ್ಷಿಣಕ್ಕೆ ಹೊರಟರು. ಏಪೆಕ್ಸ್ ಎಂಬ ಊರಿನ ಸ್ಕೇಟಿಂಗ್ ಹಾಲಿನಲ್ಲಿ, ಸೌತ್ ಕೆರೊಲಿನಾದ ಇನ್ನೊಂದು ಕೊಲಂಬಿಯಾದಲ್ಲಿ, ಎಲ್ಲ ಕಡೆಯೂ ದೀಪ ಆರಿಸಿ ಮೊದಲು ಟೇಪು ಹಾಕುತ್ತಿದ್ದರು. ಅಪ್ಪನ ಕೊನೆಯ ಮಾತು ‘ಆಯ್ತಪ್ಪ’. ಅದು ಬರುವುದನ್ನೇ ಕಾದಿದ್ದು ಇಡೀ ಹಾಲು ಆಯ್ತಪ್ಪ ಎಂದು ಕೂಗುತ್ತಿತ್ತು, ಡ್ರಮ್ ಸಿಡಿಯುತ್ತಿತ್ತು. ಟಿ-ಶರ್ಟುಗಳ ಮೇಲೂ ಅದೇ ಪದ. ಪ್ರತಿ ಊರಿನಲ್ಲೂ ಅವಿನಾಶ್ ಸ್ಟೇಜಿನಿಂದ ಕಂದುಬಣ್ಣದ ಮುಖಗಳನ್ನು ಹುಡುಕುತ್ತಿದ್ದ. ಯಾರೂ ಕಾಣದಿದ್ದರೆ ಅವನ ಉಸಿರು ಸಲೀಸಾಗಿ ಹೋಗುತ್ತಿತ್ತು.

೫

ಅಟ್ಲಾಂಟಾದ ಶೋ ಭಾನುವಾರ ಮಧ್ಯಾಹ್ನ. ಹಿಂದಿನ ದಿನ ಉಳಿಯಲು ಅಪ್ಪನೇ ಏರ್ಪಾಡು ಮಾಡಿದ್ದರು: ಹತ್ತಿರದ ಕಮ್ಮಿಂಗ್‌ನಲ್ಲಿ, ತಮ್ಮ ಗೆಳೆಯ ಶೇಷಾದ್ರಿಯ ಮನೆಯಲ್ಲಿ. ಶೇಷಾದ್ರಿ ಊರಲ್ಲಿರಲಿಲ್ಲ. ಅವರ ಹೆಂಡತಿ ಮೈಥಿಲಿ ಆಂಟಿ ಏಳು ಹುಡುಗರಿಗೆ ಬಿಸಿಬೇಳೆಭಾತು ಮಾಡಿದ್ದರು. ಬಡಿಸುತ್ತಿರುವಾಗ ಕನ್ನಡ ಅಷ್ಟಾಗಿ ತಿಳಿಯದ ಹದಿನಾಲ್ಕರ ಮಗಳು ನಿಧಿ, ತಾನೂ ಫ್ಯಾನ್ ಎಂದು ತೋರಿಸಲು, ಆ ಸೀಡಿ ಹಾಕಿದಳು.

ಅವಿನಾಶ್ ಏಳಲು ನೋಡಿದ. ತಟ್ಟೆ ತೊಡೆಯ ಮೇಲಿತ್ತು.

“ಅವಿ, ನಾನು ಕಣೋ, ಅಪ್ಪ. ಶನಿವಾರ ನಿನ್ನ ಪ್ರೋಗ್ರಾಮಿಗೆ ಬಂದಿದ್ದೆ. ಬಾಗಿಲ ತನಕ. ನೀನು ನನ್ ಥರ ಮಾತಾಡ್ತಿದ್ದೆ. ಚೆನ್ನಾಗ್ ಮಾಡ್ತೀಯ, ನಂಗೂ ನಗು ಬಂತು. ಒಳಗೆ ಬರ್ಲಿಲ್ಲ. ನಾನು ಬಾಯಿ ಬಿಟ್ರೆ ಎಲ್ರಿಗೂ ಗೊತ್ತಾಗ್ಬಿಡತ್ತೆ, ನಿಂಗೆ ಮುಜುಗರ. ಅಮ್ಮಂಗೆ ಹೇಳ್ಬೇಡ, ಹಾಲು ತರಕ್ಕೆ ಹೋಗಿದ್ದೆ ಅಂದಿದೀನಿ. ಬಿಡುವಾದ್ರೆ ಒಂದ್ ಫೋನ್ ಮಾಡು. ಆಯ್ತಪ್ಪ.”

ಬಾಯಿತುಂಬ ಭಾತು ಇಟ್ಟುಕೊಂಡೇ ಹುಡುಗರು ಕೊನೆಯ ಪದ ಕೂಗಿದರು. ಆಂಟಿ ಸೌಟು ಹಿಡಿದು ನಿಂತಿದ್ದರು. ಅವಿನಾಶನನ್ನು ಅಡುಗೆಮನೆಗೆ ಕರೆದರು.

“ಇದನ್ನ ಅಪ್ಪ ಕೇಳಿದಾರಾ?”

“ನೋ ಆಂಟಿ. ಸೀಡಿ ಕೊಡು ಅಂದ್ರು. ಎಲ್ಲಾ ಸೋಲ್ಡ್ ಔಟ್ ಅಂತ ಹೇಳ್ದೆ.”

“ಈ ಹುಡುಗ್ರಿಗೆ ಇದರ ಅರ್ಥ ಗೊತ್ತಾ?”

ಅವನು ಇಲ್ಲವೆಂದು ತಲೆಯಾಡಿಸಿದ. ಆಂಟಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎದುರು ಮಾತಾಡಲು ಏನಾದರೂ ಸಿಗುತ್ತಿತ್ತು.

“ನಾಳೆ ನಿಮ್ಮಪ್ಪ ಬರ್ತಿದಾರೆ. ನಿಂಗೆ ಹೇಳ್ಬೇಡಿ ಅಂದಿದ್ರು. ಈ ಸಲ ಒಳಗೇ ಹೋಗ್ತೀನಿ ಮೈಥಿಲಿ ಅಂದ್ರು. ಈ ಸಲ ಅಂದ್ರೇನು ಅಂತ ನಂಗೆ ಆಗ ತಿಳೀಲಿಲ್ಲ.”

೬

ಇಲ್ಲಿ ಕಥೆಗಾರನ ಕೈಯಲ್ಲಿ ಎರಡು ಸುಲಭದ ದಾರಿಗಳಿದ್ದವು.

ಒಂದು: ವ್ಯಾನಿನಲ್ಲಿ ಅವಿನಾಶ್ ಎಲ್ಲವನ್ನೂ ಅನುವಾದಿಸಿ ಹೇಳುತ್ತಾನೆ. ಗ್ರೆಗ್ ಕಣ್ಣೊರೆಸಿಕೊಂಡು ಟೇಪನ್ನು ಕಿಟಕಿಯಿಂದಾಚೆ ಎಸೆಯುತ್ತಾನೆ.

ಎರಡು: ಸರಿಯಾಗಿ ಆ ಹೊತ್ತಿಗೆ ಕರೆಂಟು ಹೋಗುತ್ತದೆ. (ಇದನ್ನು ಒಂದು ಗಂಟೆ ಗಂಭೀರವಾಗಿ ಯೋಚಿಸಿದೆ. ಈಗ ಹೇಳಿಕೊಳ್ಳಲು ನಾಚಿಕೆ.)

ನಡೆದದ್ದು ಹೀಗೆ. ಕಮ್ಮಿಂಗಿನಿಂದ ಅಟ್ಲಾಂಟಾಕ್ಕೆ ಮುಕ್ಕಾಲು ಗಂಟೆ. ಅವಿನಾಶ್ ಮೂರು ಸಲ ಬಾಯಿ ತೆರೆದ. ಅರ್ಥ ಹೇಳಬೇಕೆಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಿತ್ತು. ಕೊನೆಗೆ ಹಾಲಿನಲ್ಲಿ, ಟೇಪು ಎಳೆಯುತ್ತಿದೆ, ಇವತ್ತು ಬೇಡ ಎಂದ. ಗ್ರೆಗ್ ಇನ್ನೊಂದು ಟೇಪು ತೆಗೆದ. ಡೂಡ್, ಇವರೆಲ್ಲ ಬಂದಿರೋದೇ ನಿನ್ನ ಡ್ಯಾಡ್‌ಗೋಸ್ಕರ ಎಂದ.

ಸೂರ್ಯನಾರಾಯಣ ಎಡಗಡೆಯ ಕಂಬದ ಪಕ್ಕ ನಿಂತಿದ್ದರು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಪೆನ್ನು, ಕಿವಿಯಲ್ಲಿ ಹತ್ತಿ. ದೀಪ ಆರಿತು. “ಅವಿ” ಎಂಬ ಮೊದಲ ಪದ ಬಿದ್ದಾಗ ಅವರು ಹಿಂದೆ ತಿರುಗಿ ನೋಡಿದರು, ಯಾರೋ ಪರಿಚಯದವರು ಬಂದರೇನೋ ಎಂಬಂತೆ. ಆಮೇಲೆ ಹತ್ತಿ ತೆಗೆದರು. ಹಾಲು ತರಲು ಹೋಗಿದ್ದೆ ಎಂಬ ಮಾತು ಬಂದಾಗ ನೆಲ ನೋಡುತ್ತಿದ್ದರು. ನಾನೂರು ಜನ ಆಯ್ತಪ್ಪ ಎಂದರು. ಅವರೂ ಅಂದರು, ಒಂದು ಗಳಿಗೆ ತಡವಾಗಿ, ಹಾಗಾಗಿ ಒಂಟಿಯಾಗಿ. ಅದೇ ದನಿ. ಸುತ್ತಲಿದ್ದವರು ತಿರುಗಿದರು. ಒಬ್ಬ ಹುಡುಗಿಗೆ ಹೊಳೆಯಿತು, ಕಿರುಚಿದಳು. ಜನ ಮುಗಿಬಿದ್ದು ಅವರ ಕೈ ಕುಲುಕಿದರು. ಅವರು ಮದುವೆಮನೆಯ ಬಾಗಿಲಲ್ಲಿ ನಿಂತ ಹೆಣ್ಣಿನ ತಂದೆಯಂತೆ, ಒಬ್ಬರನ್ನೂ ಬಿಡದೆ ಎಲ್ಲರ ಕೈ ಹಿಡಿದು ನಕ್ಕರು.

ಮುಂದಿನದನ್ನು ತೆಗೆದುಹಾಕಿ ಎಂದು ಅವಿನಾಶ್ ಕೇಳಿಕೊಂಡಿದ್ದ. ಶೋನ ನಡುವೆ ಜನ ಡ್ಯಾಡ್ ಡ್ಯಾಡ್ ಎಂದು ಒತ್ತಾಯಿಸಿದರು. ಅವನು ಮೈಕು ಹಿಡಿದ. ಮಾಡಿದ. ಥರ್ಮೋಸ್ಟಾಟ್, ಮೇರಿಲ್ಯಾಂಡು, ಎಲ್ಲ. ಜನ ಅವನನ್ನೂ ಕಂಬದ ಪಕ್ಕದ ಅಸಲನ್ನೂ ಹೋಲಿಸಿ ನೋಡಿ ನಕ್ಕರು. ಅಪ್ಪ, ಪರವಾಗಿಲ್ಲ ಎಂಬಂತೆ ತಲೆದೂಗಿದರು.

ಆಮೇಲೆ ವ್ಯಾನಿನ ಹತ್ತಿರ ಚೆನ್ನಾಗಿತ್ತು ಎಂದರು. ಗ್ರೆಗ್‌ನ ಡ್ರಮ್ಮನ್ನೂ ಹೊಗಳಿದರು. ಅವನು ಆಚೆ ಹೋದ ಮೇಲೆ ಕೇಳಿದರು:

“ಆ ಮೆಸೇಜನ್ನ ಅವತ್ತೇ ಪೂರ್ತಿ ಕೇಳಿದ್ಯಾ?”

“ಹೂಂ.”

“ಒಂದ್ ಫೋನ್ ಮಾಡ್ಬಹುದಿತ್ತಲ್ಲೋ.”

ಅದಕ್ಕೆ ಅವಿನಾಶ್ ಏನೆಂದ? ನಾಲ್ಕು ಉತ್ತರ ಬರೆದು ನೋಡಿದೆ. ನಾಲ್ಕೂ ಚೆನ್ನಾಗಿವೆ. ಯಾವುದೂ ಅವನ ಬಾಯಿಂದ ಬಂದದ್ದಲ್ಲ.

೭

೧೯೯೯ರ ಹೊತ್ತಿಗೆ ಸ್ಕಾ ಯಾರಿಗೂ ಬೇಡವಾಯಿತು. ಬ್ಯಾಂಡು ಜಗಳವಿಲ್ಲದೆ, ಬೇಸ್‌ಮೆಂಟಿಗೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟು ಮುಗಿಯಿತು. ಇದನ್ನೇ ಕೊನೆಯ ಸಾಲಾಗಿಸಬಹುದಿತ್ತು. ಆದರೆ ಕನ್ನಡ ಓದಲು ಬಾರದ ಅವಿನಾಶ್, ಓದಿ ಹೇಳಿ ಎಂದ. ಓದಿದೆ.

“ನೀವೂ ಅದನ್ನ ಪ್ಲೇ ಮಾಡಿದ್ರಿ,” ಎಂದ. “ಅಟ್ ಲೀಸ್ಟ್ ನನ್ನ ಆಡಿಯನ್ಸ್‌ಗೆ ಅರ್ಥ ಆಗ್ತಿರ್ಲಿಲ್ಲ.”

ಇದು ಬೇರೆ, ಇದು ಸಾಹಿತ್ಯ ಎಂದೆ. ಹೇಳುವಾಗಲೇ ಕಿವಿ ಬಿಸಿಯಾಯಿತು.

“ಅಪ್ಪಂಗೆ ಕನ್ನಡ ಮ್ಯಾಗಜೀನ್ ಪೋಸ್ಟಲ್ಲಿ ಬರತ್ತೆ. ಒನ್ ಮಂತ್ ಲೇಟ್. ಬಟ್ ಹೀ ರೀಡ್ಸ್ ಎವೆರಿಥಿಂಗ್.”

ಐದನೆಯ ಭಾಗದ ಆ ಸಂದೇಶವನ್ನು ಅಳಿಸುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ. ಅಳಿಸಿಲ್ಲ, ನೀವು ಓದಿದ್ದೀರಿ. ಬದಲಿಗೆ ಅವರಿಗೇ ನಾಲ್ಕು ಸಾಲು ಬರೆಯೋಣವೆಂದು ಕೂತೆ. ‘ಸೂರ್ಯನಾರಾಯಣ ಅವರಿಗೆ ನಮಸ್ಕಾರ’ ಎಂದು ಮೂರು ಸಲ ಶುರು ಮಾಡಿದೆ. ಮೂರು ಸಲವೂ ಮುಂದೆ ಬಂದ ವಾಕ್ಯ ಅವರನ್ನಲ್ಲ, ಓದುತ್ತಿರುವ ನಿಮ್ಮನ್ನು ನಗಿಸುವ ಹಾಗಿತ್ತು.