ಸೊಟ್ಟ ಹಲ್ಲು

“ಬಳೆ ಒಂದೇ ಕಡೆ ಒಡೆಯೋದು ಅಪರೂಪ, ಯಜಮಾನ್ರೇ. ಕೆಳದವಡೆನೂ ಹಾಗೇ,” ಎನ್ನುತ್ತ ಡಾಕ್ಟರಮ್ಮ ಮುದುಕರ ಎರಡೂ ಕಿವಿಗಳ ಮುಂದೆ ಬೆರಳಿಟ್ಟರು. “ಒಂದು ಬಿರುಕು ಸಿಕ್ತು ಅಂದ್ರೆ ಇನ್ನೊಂದನ್ನ ಹುಡುಕಬೇಕು. ಎಲ್ಲಿ, ಬಾಯಿ ಸ್ವಲ್ಪ ತೆಗೀರಿ.”

ಎಡಗಡೆಯ ಕೀಲು ಬೆರಳಡಿಯಲ್ಲಿ ಆಡಿತು, ಬಲಗಡೆಯದು ಕದಲಲಿಲ್ಲ. ಎಕ್ಸ್‌ರೇ ಕೂಡ ಅದನ್ನೇ ಹೇಳಿತು. ಮೆಟ್ಟಿಲ ಮೇಲೆ ಮುಗ್ಗರಿಸಿದಾಗ ಏಟು ಬಿದ್ದ ಎಡದವಡೆಯಲ್ಲಿ ಒಂದು ಮುರಿತ, ಬಲಗಿವಿಯ ಬುಡದಲ್ಲಿ ಇನ್ನೊಂದು.

“ಎದೆ ಬಲಹೀನ, ಪ್ರಜ್ಞೆ ತಪ್ಪಿಸಿ ಕೊಯ್ಯೋ ಹಾಗಿಲ್ಲ. ಸ್ವಂತ ಹಲ್ಲಿದ್ದಿದ್ರೆ ಮೇಲಕ್ಕೂ ಕೆಳಕ್ಕೂ ತಂತಿ ಬಿಗಿದು ಕೂರಿಸ್ತಿದ್ದೆ. ಹೋಗಲಿ, ಕಟ್ಟಿಸಿದ ಹಲ್ಲಿನ ಸೆಟ್ ಇದ್ಯಾ? ಅದನ್ನೇ ಆಸರೆಯಾಗಿಟ್ಟು ದವಡೆ ಕಟ್ಟಬಹುದು.”

ಇಲ್ಲವೆಂದು ಮುದುಕರು ಕೈಯಾಡಿಸಿದರು.

“ಅಯ್ಯೋ ಅಪ್ಪ, ಜೇಬಲ್ಲಿ ಉಬ್ಬಿರೋದು ಏನದು?” ಮಗಳು ಗದರಿದಳು. “ಅಮ್ಮ ಹೋದಾಗಿಂದ ಬಾಯಿಗಿಟ್ಟಿಲ್ಲ ಡಾಕ್ಟ್ರೇ. ಸವೆದುಹೋಗುತ್ತಂತೆ! ಹಲ್ಲನ್ನ ಜೇಬಲ್ಲಿಟ್ಕೊಂಡು ಅನ್ನ ನುಂಗೋ ಗಂಡಸು ಇವರೊಬ್ರೇ.”

ಜೇಬಿನಿಂದ ಹೊರಬಂದ ಕರವಸ್ತ್ರ ಬಿಚ್ಚಿಕೊಂಡಿತು. ಡಾಕ್ಟರಮ್ಮ ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದರು. “ಒಳ್ಳೇ ಕೈ. ಆದ್ರೆ ಮೇಲಿನ ಈ ಮುಂದಿನ ಹಲ್ಲು ಸೊಟ್ಟ ಕೂತಿದ್ಯಲ್ಲ?”

“ಬೇಕಂತ್ಲೇ,” ಎಂದು ಮುದುಕರು ಗೊಣಗಿದರು.

ಕಟ್ಟುಹಲ್ಲು ತಯಾರಿಸುವ ಕೋಣೆಯಲ್ಲೇ ಅವರ ಹೆಂಡತಿಯ ಆಯುಷ್ಯ ಕಳೆದಿತ್ತು. ಸಂಜೆ ಮನೆಗೆ ಬಂದರೆ ಸೆರಗಿನಲ್ಲಿ ಮೇಣದ ವಾಸನೆ. ದೇವರು ಕೊಟ್ಟ ಹಲ್ಲು ಉದುರಿದ ಮೇಲೆ ಅವರಿಗಿದ್ದದ್ದು ಆಕೆ ಕೊಟ್ಟ ಹಲ್ಲು. ಇದೂ ಸೊಟ್ಟ ಯಾಕೆ ಎಂದು ಕೇಳಿದಾಗ ಆಕೆ ಹೇಳಿದ್ದಳು: “ನೆಟ್ಟಗೆ ಜೋಡಿಸಿ ನೋಡ್ದೆ ಕಣ್ರೀ. ಯಾರೋ ಪರಗಂಡಸು ನನ್ನ ನೋಡಿ ಹಲ್ಲು ಕಿರಿದ ಹಾಗಾಯ್ತು. ನನಗೆ ಆ ಹಳೇ ಕಳ್ಳನೇ ಸಾಕು.”

“ಬಾಯಿ ಕಟ್ಟಿದ ಮೇಲೆ ಕುಡಿಯೋಕೆ ದಾರಿ ಬೇಕಲ್ಲ,” ಡಾಕ್ಟರಮ್ಮ ತಡೆತಡೆದು ಹೇಳಿದರು. “ಈ ಮುಂದಿನ ಹಲ್ಲುಗಳನ್ನ ಕೊಯ್ದು ತೆಗೀಬೇಕಾಗುತ್ತೆ.”

ಮುದುಕರು ಸೆಟ್ಟನ್ನು ಕಸಿದುಕೊಂಡರು.

“ಪಕ್ಕದಲ್ಲಿ ಕೊಯ್ದ್ರೆ ಆಗಲ್ವಾ?” ಮಗಳು ಕೇಳಿದಳು. “ಇಲ್ಲಾಂದ್ರೆ ಹೊಸದು?”

“ದವಡೆ ಹಿಡಿದು ನಿಲ್ಲಿಸೋದೇ ಪಕ್ಕದ ಹಲ್ಲು. ಹೊಸದಕ್ಕೆ ಅಚ್ಚು ತೆಗೀಬೇಕು, ಬಾಯಿ ಅಷ್ಟು ಅಗಲ ತೆರೀತಿಲ್ಲ. ಹೀಗೇ ಬಿಟ್ರೆ ಮೂಳೆ ಓರೆಯಾಗಿ ಕೂಡಿಕೊಳ್ಳುತ್ತೆ. ಆಮೇಲೆ ಯಾವ ಸೆಟ್ಟೂ ಕೂರಲ್ಲ.”

ಮಗಳು ತಂದೆಯ ಮಂಡಿಯ ಮೇಲೆ ಕೈಯಿಟ್ಟಳು. “ಅಮ್ಮ ಇದ್ದಿದ್ರೆ ಡಾಕ್ಟ್ರ ಕೈಯಿಂದ ಗರಗಸ ಕಿತ್ಕೊಂಡು ತಾನೇ ಕೊಯ್ತಿದ್ಲು, ಅಪ್ಪ. ಬೇರೆಯವರ ಕೈಗೆ ಕೊಡ್ತಿರ್ಲಿಲ್ಲ.”

ಮುದುಕರಿಗೆ ನಗು ಬಂತು, ಅದರ ಹಿಂದೆಯೇ ನೋವೂ ಬಂತು. ಅವರು ಎದ್ದು ಕೈತೊಳೆಯುವ ತೊಟ್ಟಿಯ ಮೇಲಿನ ಕನ್ನಡಿಯ ಮುಂದೆ ನಿಂತು, ಮೇಲಿನ ಸೆಟ್ಟನ್ನು ಮೆಲ್ಲನೆ ಬಾಯಿಗೆ ಕೂರಿಸಿಕೊಂಡರು. ಬಾತ ತುಟಿಯನ್ನು ಬೆರಳಿನಿಂದ ಎತ್ತಿ ನೋಡಿದರು. ಮಗಳು ಕಿಟಕಿಯ ಕಡೆ ತಿರುಗಿದಳು. ಅವರು ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡು, ಸೆಟ್ಟನ್ನು ತೆಗೆದು, ನಲ್ಲಿಯ ಕೆಳಗೆ ತೊಳೆದು, ಒರೆಸಿ, ಡಾಕ್ಟರಮ್ಮನ ಅಂಗೈಯಲ್ಲಿಟ್ಟರು.

ಮರುದಿನ ಅವರ ದವಡೆ ಬಿಗಿದು ಕೂತಿತ್ತು. ಮಗಳು ಹಾಲಿನ ಲೋಟ ಹಿಡಿದು, ಮುಂದಿನ ಹಲ್ಲು ಕೊಯ್ದ ಸಂದಿಗೆ ನಳಿಕೆಯ ತುದಿ ತಾಗಿಸಿದಳು. ನಳಿಕೆಯೊಳಗೆ ಬಿಳಿಯ ಗೆರೆ ಒಂದಿಷ್ಟು ಮೇಲೇರಿತು, ನಿಂತಿತು, ಮತ್ತೆ ಏರಿತು.