ಹೆಬ್ಬೆರಳ ಕೊಕ್ಕೆ

ಸ್ಟೀಲ್ ಲೋಟ ಗೋಡೆಗೆ ಬಡಿದು, ಕ್ಯಾಲೆಂಡರನ್ನು ಕೆಡವಿ, ಉರುಳಿಕೊಂಡು ಬಂದು ಅಕ್ಕನ ಕಾಲಬುಡದಲ್ಲಿ ನಿಂತಿತು. ಅದರಲ್ಲಿದ್ದ ಬಿಸಿನೀರು ಅವಳ ಪಾದದ ಮೇಲೂ ಒಂದಿಷ್ಟು ಚೆಲ್ಲಿತು. ಅವಳು ಕೂಗಿಕೊಳ್ಳಲಿಲ್ಲ. ಕೂಗಿಕೊಂಡರೆ ತಟ್ಟೆಯೂ ಅದೇ ದಾರಿ ಹಿಡಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ಲೋಟ ಹಿಡಿಯೋಕಾಗದ ಕೈ ಇದ್ದರೆಷ್ಟು, ಬಿಟ್ಟರೆಷ್ಟು!” ಎಂದು ತಮ್ಮ ತನ್ನ ಬಲಗೈಯನ್ನು ಮೇಜಿನ ಅಂಚಿಗೆ ಎರಡು ಸಲ ಅಪ್ಪಳಿಸಿದ. ಆಮೇಲೆ ಅದೇ ಕೈಯನ್ನು ಎದೆಗೆ ಒತ್ತಿ ಹಿಡಿದು ಹಲ್ಲು ಕಚ್ಚಿದ.

ಅವನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೇತ್ ಕೆಲಸಗಾರ. ಅಲ್ಲಿನ ಬ್ಯಾಂಡಿನಲ್ಲಿ ಹನ್ನೊಂದು ವರ್ಷದಿಂದ ಮೊದಲ ಕ್ಲಾರಿನೆಟ್, ಮೊದಲ ಕುರ್ಚಿ ಅವನದೇ. ಮುಕ್ಕಾಲು ಕೆಜಿ ತೂಗುವ ಆ ಕಪ್ಪು ಕೊಳವೆಯ ಭಾರವನ್ನು ಹೊರುವುದು ಬಲಗೈ ಹೆಬ್ಬೆರಳು. ಉಳಿದ ಬೆರಳುಗಳು ಮುಂದೆ ರಂಧ್ರಗಳ ಮೇಲೆ ಕುಣಿಯುತ್ತಿದ್ದರೆ ಇದು ಮಾತ್ರ ಹಿಂಬದಿಯಲ್ಲಿ, ಒಂದು ಪುಟ್ಟ ಲೋಹದ ಕೊಕ್ಕೆಯ ಕೆಳಗೆ, ಹೆಗಲು ಕೊಟ್ಟು ನಿಂತಿರಬೇಕು. ಆರು ತಿಂಗಳಿಂದ ಅದರ ಗಂಟು ಊದಿಕೊಂಡು, ಕೊಕ್ಕೆ ಕೂರುವ ಕಡೆ ಹಳ್ಳ ಬಿದ್ದಿತ್ತು. ನೋವು ಹೆಚ್ಚಿದ ದಿನ ಮನೆಯಲ್ಲಿ ಏನಾದರೊಂದು ಒಡೆಯುತ್ತಿತ್ತು. ಬಚ್ಚಲುಮನೆಯ ಬಾಗಿಲಿಗೆ ಆಗಲೇ ಎರಡು ಕಡೆ ತಗಡು ಹೊಡೆದಾಗಿತ್ತು. ಅಕ್ಕನ ಮೇಲೆ ಬಿದ್ದ ಏಟುಗಳಿಗೆ ತಗಡು ಬೇಕಿರಲಿಲ್ಲ. ಅವಳು ಉದ್ದ ತೋಳಿನ ರವಿಕೆ ಹೊಲಿಸಿಕೊಂಡಿದ್ದಳು.

“ಶನಿವಾರ ಕಾರ್ಖಾನೆಗೆ ಐವತ್ತು ತುಂಬೋ ಕಾರ್ಯಕ್ರಮ. ನಾನೊಬ್ಬನೇ ಊದೋದು ಎಂಟು ನಿಮಿಷ ಇದೆ,” ಎಂದ ತಮ್ಮ.

“ಆ ಕೊಕ್ಕೆ ಸ್ವಲ್ಪ ಆಚೀಚೆ ಮಾಡಿದ್ರೆ ಹೇಗೆ? ನಮ್ಮಂಗಡೀಲಿ ಸಣ್ಣ ಸ್ಕ್ರೂಡ್ರೈವರ್ ಇದೆ. ನಾನು ಬೇಕಾದ್ರೆ ವಿಚಾರಿಸಿ—”

“ಏನಾದ್ರೂ ಮಾಡ್ಕೊಂಡು ಸಾಯಿ! ನನ್ನ ತಲೆ ತಿನ್ನಬೇಡ.”

ಅಕ್ಕನಿಗೆ ಕನ್ನಡಕದಂಗಡಿಯಲ್ಲಿ ಫ್ರೇಮು ಬಿಗಿಯುವ ಕೆಲಸ. ಮರುದಿನ ಬಸ್ಸಿನಲ್ಲಿ ನಿಂತು ಅವಳು ತಮ್ಮನ ಮಾತನ್ನು ತಿರುವಿ ಹಾಕಿದಳು. ಅದು ಒಪ್ಪಿಗೆಯೋ ಬೈಗುಳವೋ? ಕೊನೆಗೆ ‘ಏನಾದ್ರೂ ಮಾಡು’ ಎಂಬಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟಳು. ಹಾಗೆ ಆರಿಸಿಕೊಳ್ಳುವ ಅಭ್ಯಾಸ ಅವಳಿಗೆ ಅವನ ಜೊತೆ ಬದುಕಿಯೇ ಬಂದದ್ದು.

ಕಾರ್ಖಾನೆಯ ಸ್ಟೋರ್ಸಿನ ಕಿಟಕಿಯಲ್ಲಿ ಕೂರುವವನು ಎರಡನೇ ಕ್ಲಾರಿನೆಟ್ಟಿನವನು. ಎಷ್ಟು ತಿಂದರೂ ಮೈಗೆ ಹತ್ತದ್ದರಿಂದ ಎಲ್ಲರಿಗೂ ಅವನು ಕಡ್ಡಿ. ಅಕ್ಕ ಅವತ್ತೇ ಅಲ್ಲಿಗೆ ಹೋಗಿ ವಿಷಯ ಹೇಳಿದಳು. ಅವನು ಕೈಯಲ್ಲಿದ್ದ ಪೆನ್ಸಿಲನ್ನೇ ಕ್ಲಾರಿನೆಟ್ಟಿನ ಹಾಗೆ ಹಿಡಿದು ತೋರಿಸಿದ.

“ನೋಡಿ ಅಕ್ಕಾ, ಹೆಬ್ಬೆರಳು ಹೀಗೆ ತೋರುಬೆರಳಿಗೆ ಎದುರಾಗಿ ಇರಬೇಕು. ನಿಮ್ಮ ತಮ್ಮಂದು ತೀರಾ ಕೆಳಗಿದೆ. ಭಾರವೆಲ್ಲ ಗಂಟಿನ ಮೇಲೆ. ಕೊಕ್ಕೆ ಮೇಲೆ ಸರಿಸಿ, ಉಗುರಿನ ಬುಡದ ಪಕ್ಕ ಕೂರೋ ಹಾಗೆ ಮಾಡಿ, ಒಳಗೆ ಮೆತ್ತಗಿರೋದು ಏನಾದ್ರೂ ಅಂಟಿಸಿ. ಅರ್ಧ ನೋವು ಅಲ್ಲೇ ಇಳಿಯುತ್ತೆ.”

“ನೀವೇ ಅವನಿಗೆ ಹೇಳಬಾರದಾ?”

“ಹೇಳ್ದೆ ಬಿಟ್ಟಿದ್ದೀನಾ? ಕುತ್ತಿಗೆಗೆ ಪಟ್ಟಿ ಹಾಕ್ಕೊಂಡು ಭಾರ ಇಳಿಸ್ಕೋ ಅಂದೆ, ‘ನಾನೇನು ದನವಾ, ಹಗ್ಗ ಹಾಕ್ಕೊಳ್ಳೋಕೆ’ ಅಂದ. ಸರಿ, ಕೊಕ್ಕೆನಾದ್ರೂ ಸರಿಸು, ಇಲ್ಲ ಕುರ್ಚಿನಾದ್ರೂ ನನಗೆ ಬಿಡು ಅಂತ ಎಲ್ಲರ ಮುಂದೆ ತಮಾಷೆ ಮಾಡ್ದೆ. ಅವತ್ತಿಂದ ನನ್ನ ಮುಖ ನೋಡ್ತಿಲ್ಲ.” ಕಡ್ಡಿ ದನಿ ತಗ್ಗಿಸಿದ. “ಒಂದು ಮಾತು. ಸರಿಸಿದ ಮೇಲೆ ಮೂರು ದಿನವಾದ್ರೂ ಊದಬೇಕು. ಬೆರಳುಗಳು ಹಳೇ ದಾರಿ ಮರೀಬೇಕಲ್ಲ.”

ಅಕ್ಕ ತಲೆಯಾಡಿಸಿ ಚೀಲ ಎತ್ತಿಕೊಂಡಾಗ ರವಿಕೆಯ ತೋಳು ಮೇಲಕ್ಕೆ ಸರಿಯಿತು. ಮಣಿಕಟ್ಟಿನ ನೀಲಿ ಗುರುತಿನ ಮೇಲೆ ಕಡ್ಡಿಯ ಕಣ್ಣು ಬಿತ್ತು.

“ಅದೂ ಕ್ಲಾರಿನೆಟ್ಟಿಂದಲೇ ಆಗಿದ್ದಾ?” ಎಂದ.

ಅವಳು ತೋಳು ಎಳೆದುಕೊಂಡು ಹೊರಟಳು.

ಬುಧವಾರ ಬೆಳಿಗ್ಗೆ ತಮ್ಮ ಪಾಳಿಗೆ ಹೋದ ಮೇಲೆ ಅವಳು ಕ್ಲಾರಿನೆಟ್ಟಿನ ಪೆಟ್ಟಿಗೆ ತೆಗೆದಳು. ಕೊಕ್ಕೆಯ ಸ್ಕ್ರೂ ವರ್ಷಗಳ ಬೆವರಿಗೆ ಜಾಮ್ ಆಗಿತ್ತು. ಒಂದು ಹನಿ ಎಣ್ಣೆ ಬಿಟ್ಟು, ಕಾದು, ತಿರುಗಿಸಿದಳು. ಕೊಕ್ಕೆ ಎರಡು ಅಕ್ಕಿಕಾಳಿನಷ್ಟು ಮೇಲೆ ಬಂತು. ಒಳಗೆ ಅಂಟಿಸಿದ್ದು ಅಂಗಡಿಯಿಂದ ತಂದ ಸಿಲಿಕಾನ್ ಮೂಗುಗುಂಡಿಗಳನ್ನು, ಕನ್ನಡಕ ಮೂಗಿಗೆ ಒತ್ತದಂತೆ ಫ್ರೇಮಿಗೆ ಹಾಕುವಂಥವನ್ನು. ಸ್ಕ್ರೂ ಬಿಗಿದಳು. ಸಾಲದೇನೋ ಎಂದು ಮತ್ತೊಮ್ಮೆ ಬಿಗಿದಳು. ಹೆಚ್ಚಾಯಿತೇನೋ ಎಂದು ಹೆದರಿದಳು. ಬುಧ, ಗುರು, ಶುಕ್ರ: ಬೆರಳು ಮಡಚಿ ಎಣಿಸಿದಳು. ಮೂರು ದಿನ ಸರಿಯಾಗಿ ಸಿಗುತ್ತದೆ. ಸಂಜೆ ಅವನು ಪೆಟ್ಟಿಗೆ ತೆರೆದಾಗ ಹೇಳಿದರಾಯಿತು.

ಅವನು ತೆರೆಯಲಿಲ್ಲ. “ಶನಿವಾರದವರೆಗೂ ಕೈಗೆ ರಜೆ ಕೊಡು ಅಂದಿದ್ದಾರೆ ಬ್ಯಾಂಡ್ ಮೇಷ್ಟ್ರು,” ಎಂದು ಕೈಯನ್ನು ಉಪ್ಪುನೀರಿನಲ್ಲಿ ಅದ್ದಿಕೊಂಡು ಕೂತ. ಗುರುವಾರ ಅಕ್ಕ ಬಾಯಿ ತೆರೆದಳು, ಆದರೆ ಅವನು ಅದೇ ಹೊತ್ತಿಗೆ ಪಕ್ಕದ ಮನೆಯ ರೇಡಿಯೋಗೆ ಬೈದು ಕಿಟಕಿಯ ಗಾಜಿಗೆ ಗುದ್ದಿದ. ಗಾಜು ಗುಡಿಸುವುದರಲ್ಲಿ ಸಂಜೆ ಕಳೆಯಿತು. ಶುಕ್ರವಾರ ಅವನ ಮನಸ್ಸು ಚೆನ್ನಾಗಿತ್ತು. ಚೆನ್ನಾಗಿದ್ದದ್ದನ್ನು ಯಾಕೆ ಕೆಡಿಸುವುದು ಎಂದುಕೊಂಡಳು. ಶನಿವಾರ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನೂ ಪೆಟ್ಟಿಗೆಯೂ ಹೊರಟುಹೋಗಿದ್ದರು.

ಮಧ್ಯಾಹ್ನದ ಕಾರ್ಯಕ್ರಮಕ್ಕೆ ಮನೆಯವರಿಗೂ ಕುರ್ಚಿ ಹಾಕಿದ್ದರು. ತಮ್ಮ ಎಂಜಿನಿಯರರ ಕರೆಗೆ ಯಂತ್ರದ ಬಳಿ ಸಿಕ್ಕಿಹಾಕಿಕೊಂಡಿದ್ದವನು ಕೊನೇ ಗಳಿಗೆಯಲ್ಲಿ ಓಡಿಬಂದು, ಪೆಟ್ಟಿಗೆ ಬಿಚ್ಚಿ, ನೇರ ವೇದಿಕೆ ಹತ್ತಿದ. ಅಕ್ಕ ನಾಲ್ಕನೇ ಸಾಲಿನಲ್ಲಿ ಕೂತಿದ್ದಳು.

ಮೊದಲ ಕೆಲವು ಸ್ವರ ಬೆಣ್ಣೆಯಂತೆ ಬಂದವು. ಆಮೇಲೆ ಸ್ವರ ಇಳಿಯುವ ಕಡೆ ಕಿರುಬೆರಳು ಒತ್ತುಕೀಲಿಯನ್ನು ಹುಡುಕಿ ತಪ್ಪಿತು. ಕೀಚ್ ಎಂದಿತು ಕ್ಲಾರಿನೆಟ್. ಅವನು ಸಾವರಿಸಿಕೊಂಡು ಊದಿದ. ಮತ್ತೆ ಕೀಚ್. ಹನ್ನೊಂದು ವರ್ಷ ಅವನ ಬೆರಳುಗಳು ಕೊಕ್ಕೆಯ ಹಳೇ ಜಾಗವನ್ನೇ ಗೂಟ ಮಾಡಿಕೊಂಡು ದೂರ ಅಳೆದಿದ್ದವು. ಗೂಟ ಸರಿದ ಮೇಲೆ ಅಳತೆಯೇ ಹೋಗಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಅತಿಥಿ ನಕ್ಕ. ನಗು ಹಿಂದಕ್ಕೂ ಹರಡಿತು. “ಪಂಪಿಗೆ ಗ್ರೀಸ್ ಹಾಕ್ರಪ್ಪೋ!” ಎಂದು ಯಾರೋ ಕೂಗಿದರು. ತಮ್ಮ ಎಂಟು ನಿಮಿಷವನ್ನೂ ಮುಗಿಸಿದ. ಮುಗಿಸಿ ಕ್ಲಾರಿನೆಟ್ಟನ್ನು ತಿರುಗಿಸಿ ನೋಡಿದ. ಕೊಕ್ಕೆ ಹಿಂದೆ ಇದ್ದ ಕಡೆ ಹೊಳಪಿನ ಗುರುತೊಂದು ಉಳಿದಿತ್ತು. ಅವನು ತಲೆಯೆತ್ತಿ ಕಡ್ಡಿಯನ್ನು ನೋಡಿದ.

ಅಕ್ಕ ಎದ್ದಳು. ಕೂತವರ ಮೊಣಕಾಲುಗಳ ನಡುವೆ ನುಸುಳಿ, ವೇದಿಕೆಯ ಹಿಂಬದಿಗೆ ಬಂದು, ಬ್ಯಾಂಡಿನ ಕೋಣೆಯ ಬಾಗಿಲು ಮುಟ್ಟುವಷ್ಟರಲ್ಲಿ ಒಳಗೆ ನೋಟೇಷನ್ ಸ್ಟ್ಯಾಂಡುಗಳು ಉರುಳಿಬಿದ್ದ ಸದ್ದಾಯಿತು.

ಬ್ಯಾಂಡ್ ಮೇಷ್ಟ್ರು ಗೋಡೆಗೊರಗಿ ಬಾಯಿ ಹಿಡಿದುಕೊಂಡಿದ್ದರು. ಬಿಡಿಸಲು ಹೋಗಿ ಮೊಣಕೈ ಏಟು ತಿಂದ ಅವರ ಬೆರಳ ಸಂದಿಯಲ್ಲಿ ರಕ್ತ ಇಳಿಯುತ್ತಿತ್ತು. ತಮ್ಮ ಕಡ್ಡಿಯ ಕತ್ತನ್ನು ಒಂದು ಕೈಯಲ್ಲಿ ಕಬ್ಬಿಣದ ಬೀರುವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅವನ ಬಲಗೈಯನ್ನು ಅದೇ ಬೀರುವಿನ ತೆರೆದ ಡ್ರಾಯರಿನ ಬಾಯಿಗೆ ತುರುಕಿದ್ದ.

“ಯಾರೋ ಮುಟ್ಟಿದ್ದು? ಹೇಳೋ! ಸ್ಟೋರ್ಸಿನ ರಬ್ಬರ್ ಬೇರೆ ಅಂಟಿಸಿದ್ದೀಯಾ! ನನ್ನ ಕುರ್ಚಿ ಬೇಕಾ ನಿನಗೆ?”

ಕಡ್ಡಿಯ ಕಣ್ಣು ತಮ್ಮನ ಹೆಗಲ ಮೇಲಿಂದ ಬಾಗಿಲಿಗೆ ಬಂತು. ಅಕ್ಕನನ್ನು ನೋಡಿತು. ಅವಳ ಮಣಿಕಟ್ಟಿನವರೆಗೂ ಇಳಿದು, ಅಲ್ಲಿಂದ ತಿರುಗಿಹೋಯಿತು.

“ನಾನೇ ಅಂದ್ಕೋ,” ಎಂದ ಕಡ್ಡಿ.

ತಮ್ಮ ಮೊಣಕಾಲಿನಿಂದ ಡ್ರಾಯರನ್ನು ಒದ್ದು ಮುಚ್ಚಿದ.

ಆ ಸದ್ದು ಒಣಗಿದ ಕೊಂಬೆ ಮುರಿದಂತೆ ಇರಲಿಲ್ಲ. ಒದ್ದೆ ಬಟ್ಟೆಯೊಳಗೆ ಏನೋ ಮುರಿದಂತೆ ಇತ್ತು. ಕಡ್ಡಿಯ ಬಾಯಿಂದ ದನಿ ಬರಲಿಲ್ಲ, ಉಸಿರು ಮಾತ್ರ ಬಂತು. ಅಕ್ಕ ಹೊಸ್ತಿಲಲ್ಲೇ ನಿಂತು ನೋಡಿದಳು. ತಮ್ಮ ಡ್ರಾಯರನ್ನು ಮತ್ತೆ ಎಳೆದು ಮೊಣಕಾಲು ಹಿಂದಕ್ಕೆ ತೆಗೆದ.

“ನಾನು!” ಎಂದಳು ಅಕ್ಕ. “ಬಿಡೋ ಅವನನ್ನ! ಸರಿಸಿದ್ದು ನಾನು.”

“ನೀನು ಸುಮ್ನಿರು. ಇವನನ್ನ ಉಳಿಸೋಕೆ ಬಂದ್ಲು ದೊಡ್ಡ ಸತ್ಯವಂತೆ!”

ಅವಳು ಒಳಗೆ ನಡೆದುಬಂದು ತನ್ನ ಕನ್ನಡಕ ತೆಗೆದು ಅವನ ಮುಖಕ್ಕೆ ಹಿಡಿದಳು. “ಇದನ್ನ ನೋಡು. ಮೂಗಿನ ಹತ್ರ ಇರೋದನ್ನ ನೋಡು. ನಿನ್ನ ಕೊಕ್ಕೆ ಒಳಗಿರೋದೂ ಇದೇ. ಸ್ಟೋರ್ಸಲ್ಲಿ ಇದು ಸಿಗುತ್ತಾ? ನೀನೇ ಹೇಳಿದ್ದೆ, ಏನಾದ್ರೂ ಮಾಡು ಅಂತ.”

ತಮ್ಮ ಕಡ್ಡಿಯನ್ನು ಬಿಟ್ಟ. ಕಡ್ಡಿ ಬೀರುವಿನ ಮೈಗುಂಟ ಜಾರಿ ಕೆಳಗೆ ಕೂತ. ಕನ್ನಡಕವಿಲ್ಲದ ಅಕ್ಕನಿಗೆ ತಮ್ಮ ಮಸುಕಾಗಿ, ಇನ್ನೂ ದೊಡ್ಡದಾಗಿ ಕಂಡ. ಏಟು ಯಾವ ಕಡೆಯಿಂದ ಬಂತೆಂದು ಕಾಣಲಿಲ್ಲ. ಕೆನ್ನೆಮೂಳೆ ಸಿಡಿದಂತಾಗಿ ಅವಳು ಸ್ಟ್ಯಾಂಡುಗಳ ಮೇಲೆ ಬಿದ್ದಳು. ಎರಡನೆಯದು ಪಕ್ಕೆಗೆ, ಬೂಟಿನಿಂದ. ಮೂರನೆಯದಕ್ಕೆ ಅವನು ಬಗ್ಗಿದಾಗ ಅವಳು ನೆಲದಿಂದಲೇ ಕೇಳಿದಳು:

“ಇವತ್ತು ಊದುವಾಗ ನೋಯ್ತಾ?”

ಅವನ ಕೈ ಗಾಳಿಯಲ್ಲಿ ನಿಂತಿತು.

“ಹೆಬ್ಬೆರಳು ಕಣೋ. ಎಂಟು ನಿಮಿಷ ಊದಿದೆಯಲ್ಲ. ನೋಯ್ತಾ?”

ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಒಮ್ಮೆ ಮಡಚಿ ಬಿಚ್ಚಿದ. ಇಲ್ಲ ಎಂಬುದು ಅವನಿಗೆ ಆಗಷ್ಟೇ ಹೊಳೆದಿರಬೇಕು. ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಕುರ್ಚಿಯ ಮೇಲಿದ್ದ ಕ್ಲಾರಿನೆಟ್ಟನ್ನು ಎತ್ತಿ, ಬೀರುವಿನ ಮೂಲೆಗೆ ಹೊಡೆದ. ಮರ ಸೀಳಿ ಕೀಲಿಗಳು ಹಲ್ಲು ಉದುರಿದಂತೆ ಉದುರಿದವು. ಕೈಯಲ್ಲಿ ತುಂಡು ಉಳಿಯುವವರೆಗೆ ಹೊಡೆದ.

ಆಟೋದಲ್ಲಿ ಕಡ್ಡಿ ತನ್ನ ಕೈಯನ್ನು ಅಂಗಿಯಲ್ಲಿ ಸುತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಪಕ್ಕದಲ್ಲಿ ಅಕ್ಕ. ಅವಳ ಒಂದು ಕಣ್ಣು ಆಗಲೇ ಊದಿ ಮುಚ್ಚಿತ್ತು.

“ಅಕ್ಕಾ,” ಎಂದ ಕಡ್ಡಿ, ಕಣ್ಣು ತೆರೆಯದೆ. “ಅಷ್ಟು ಹೊತ್ತು ನಿಮ್ಮ ಬಾಯಿ ಎಲ್ಲಿತ್ತು?”

ಗುಂಡಿಗೆ ಸಿಕ್ಕಿ ಆಟೋ ಎಗರಿದಾಗ ಅವನ ಕೈಗೆ ಪೆಟ್ಟಾಗದಂತೆ ಅವಳು ಕೆಳಗೆ ತನ್ನ ಕೈ ಕೊಟ್ಟಳು. ಅವನು ಕೈ ಎಳೆದುಕೊಳ್ಳಲಿಲ್ಲ.

ಆಸ್ಪತ್ರೆಯ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳ ಬುಡದ ಮೂಳೆ ಮೂರು ಚೂರಾಗಿತ್ತು. “ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕು. ಆಮೇಲೆ ಎಷ್ಟು ಮಡಚುತ್ತೆ ಅಂತ ಈಗಲೇ ಹೇಳೋಕಾಗಲ್ಲ. ಹೇಗಾಯ್ತು ಅನ್ನೋದನ್ನ ಹೊರಗೆ ಬರೆಸಿ,” ಎಂದು ಒಳಗೆ ಹೋದರು.

ಹೊರಗಿನ ಮೇಜಿನ ಗುಮಾಸ್ತೆ ಫಾರಂ ಎಳೆದುಕೊಂಡರು. ಹಿಂದೆಯೇ ಇನ್ನೊಂದು ಆಟೋದಲ್ಲಿ ಬಂದಿದ್ದ ಬ್ಯಾಂಡ್ ಮೇಷ್ಟ್ರು ಊದಿದ ತುಟಿಯಲ್ಲೇ ಮುಂದೆ ಬಾಗಿದರು. “ಡ್ರಾಯರ್ ಮೇಡಂ. ಹಳೇ ಬೀರು. ಕೈ ಸಿಕ್ಕಿಹಾಕ್ಕೊಂಡ್ಬಿಡ್ತು.”

ತಮ್ಮನೂ ಅವರ ಜೊತೆ ಬಂದಿದ್ದ. ಸಿಟ್ಟೆಲ್ಲ ಸುರಿದುಹೋಗಿ ಮೆತ್ತಗಾಗಿ, ಮೇಜಿನ ಹಿಂದಿನ ಬೆಂಚಿನ ಮೇಲೆ ಕೂತಿದ್ದ. ಅಕ್ಕನ ಕನ್ನಡಕವನ್ನು ಜೇಬಿನಿಂದ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ ಅವಳ ಕೈಗಿಟ್ಟ. ಒಂದು ಗಾಜು ಸೀಳಿತ್ತು.

“ಅಕ್ಕಾ, ಮನೆಗೆ ಹೋಗೋಣ ಬಾ,” ಎಂದ, ಚಿಕ್ಕಂದಿನ ದನಿಯಲ್ಲಿ. “ಇನ್ನು ಮೇಲೆ ಕೈ ಎತ್ತಲ್ಲ. ಅಮ್ಮನ ಮೇಲಾಣೆ. ಈಗ ನೀನು ಬಾಯಿಬಿಟ್ರೆ ನನ್ನ ಕೆಲಸ ಹೋಗುತ್ತೆ, ಪೊಲೀಸ್ ಬರ್ತಾರೆ. ನನಗೆ ಯಾರಿದ್ದಾರೆ ಹೇಳು?”

ಅವಳು ಕನ್ನಡಕ ಹಾಕಿಕೊಂಡಳು. ಅವನು ನಿಜವನ್ನೇ ಹೇಳುತ್ತಿದ್ದ, ಅವನಿಗೆ ಯಾರೂ ಇರಲಿಲ್ಲ. ಮೂರು ಸಂಜೆ ಅವಳನ್ನು ಸುಮ್ಮನಿರಿಸಿದ್ದೂ ಇಂಥದ್ದೇ ಒಂದು ನಿಜ.

ಗುಮಾಸ್ತೆ ಸ್ಟ್ರೆಚರಿನತ್ತ ತಿರುಗಿದರು. “ನೀವು ಹೇಳಿ. ಡ್ರಾಯರಾ?”

ಕಡ್ಡಿ ಚಾವಣಿ ನೋಡುತ್ತ ಮಲಗಿದ್ದ. “ಅವರನ್ನ ಕೇಳಿ,” ಎಂದ. “ಬಾಗಿಲಲ್ಲೇ ನಿಂತಿದ್ರು.”

“ಡ್ರಾಯರ್ ಹೌದು,” ಎಂದಳು ಅಕ್ಕ. “ಅದು ತಾನಾಗಿ ಮುಚ್ಚಿಕೊಳ್ಳಲಿಲ್ಲ. ಕೈ ಒಳಗಿಟ್ಟು, ಮೊಣಕಾಲಲ್ಲಿ ಒದ್ದು ಮುಚ್ಚಿದ್ದು. ಮೇಷ್ಟ್ರ ತುಟಿ, ನನ್ನ ಕೆನ್ನೆ, ಪಕ್ಕೆ ಎಲ್ಲ ಆದದ್ದು ಅವನಿಂದಲೇ. ಒದೆಯೋವಾಗ ನಾನು ನೋಡ್ತಾ ನಿಂತಿದ್ದೆ, ತಪ್ಪು ನಂದು ಅಂತ ಹೇಳಲಿಲ್ಲ. ಅದನ್ನೂ ಬರ್ಕೊಳ್ಳಿ.”

“ನೋಡ್ತಾ ನಿಂತಿದ್ದಕ್ಕೆ ಇದರಲ್ಲಿ ಕಾಲಂ ಇಲ್ಲಮ್ಮಾ,” ಎಂದರು ಗುಮಾಸ್ತೆ. ಪೆನ್ನಿನ ಮುಚ್ಚಳ ತೆಗೆದರು. “ಹೊಡೆದವನು ನಿಮಗೆ ಏನಾಗಬೇಕು?”

ಬೆಂಚು ಕಿರುಗುಟ್ಟಿತು. ತಮ್ಮ ಎದ್ದಿದ್ದ. ಅವನ ಬೂಟು ಎರಡು ಹೆಜ್ಜೆ ಮುಂದೆ ಬಂತು. ವಾರ್ಡಿನ ಆಳು ಟ್ರಾಲಿ ಬಿಟ್ಟು ಅಡ್ಡ ನಿಂತ. ಅಕ್ಕ ಹಿಂದಕ್ಕೆ ತಿರುಗಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

“ತಮ್ಮನಾಗಬೇಕು,” ಎಂದಳು. ಅವನ ಹೆಸರು, ವಯಸ್ಸು, ಕಾರ್ಖಾನೆಯ ನಂಬರು ಒಂದೊಂದನ್ನೂ ನಿಧಾನವಾಗಿ ಹೇಳಿ ಬರೆಸಿದಳು.