ಅಬರ್ಡೀನಿನ ಬೇಸಿಗೆ

ಉಣ್ಣೆಯ ಕೋಟು ಸೂಟ್‌ಕೇಸಿನ ತಳಕ್ಕೆ ಹೋಯಿತು. ಅದರ ಮೇಲೆ ಬೂಟು, ಬೂಟಿನ ಮೇಲೆ ಮಡಿಸಿದ ಸೀರೆಗಳು.

ಚನ್ನಕೇಶವ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ. ಜುಲೈ ತಿಂಗಳು. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಬಿಸಿಲು ಕಾಫಿಗೂ ಮೊದಲೇ ಕಿಟಕಿಯ ಗಾಜನ್ನು ಸುಡುತ್ತಿತ್ತು. ಎರಡು ತಿಂಗಳಿಗೆಂದು ಹೊರಟವಳಿಗೆ ಮೊಣಕಾಲಿನ ತನಕ ಬರುವ ಕೋಟು ಯಾಕೆ ಎಂದು ಕೇಳಬೇಕೆನ್ನಿಸಿತು. ಕೇಳಲು ಬಾಯಿ ತೆರೆದ.

"ತೂಕ ನೋಡಿದ್ಯಾ?" ಎಂದ.

"ನೋಡ್ದೆ. ಸರಿಯಾಗಿದೆ," ಎಂದಳು ಇಂದುಮತಿ, ತಲೆ ಎತ್ತದೆ.

ಅವಳು ಹೊರಟದ್ದು ಸ್ಕಾಟ್ಲೆಂಡಿನ ಅಬರ್ಡೀನಿಗೆ. ಅಲ್ಲಿ ಅವಳ ಹಳೆಯ ಗೆಳತಿ ವಿಜಯಮ್ಮನಿಗೆ ಮಂಡಿ ಆಪರೇಷನ್. ಗಂಡ ಹೋದಮೇಲೆ ಆಕೆ ಒಂಟಿ. ಮನೆ ದೊಡ್ಡದು, ಹಿತ್ತಲ ಕಡೆಯ ಕೋಣೆ ಖಾಲಿ. ಜೊತೆಗೆ ಯಾರಾದರೂ ಬೇಕು. ಕಾರಣ ಸರಿಯಾಗಿಯೇ ಇತ್ತು.

ಸರಿಯಾಗಿರುವ ಕಾರಣಗಳ ವಿಷಯ ಚನ್ನಕೇಶವನಿಗೆ ಚೆನ್ನಾಗಿ ಗೊತ್ತು. ಎಂಟು ವರ್ಷದ ಹಿಂದೆ ಅಬರ್ಡೀನ್ ಬಿಟ್ಟು ಹ್ಯೂಸ್ಟನ್ನಿಗೆ ಬರುವಾಗ ಅವನೂ ಅಂಥದೊಂದು ಕಾರಣ ಕೊಟ್ಟಿದ್ದ. ಹವೆ ಒಗ್ಗುವುದಿಲ್ಲ. ಅಲ್ಲಿ ಬೇಸಿಗೆ ಅನ್ನುವುದು ಬರೀ ಕ್ಯಾಲೆಂಡರಿನಲ್ಲಿ. ಸಮುದ್ರದ ನಡುವೆ ನಿಲ್ಲುವ ಎಣ್ಣೆಬಾವಿಯ ಅಟ್ಟಣೆಗಳು ಅಲೆಗೆ ಮುರಿಯದ ಹಾಗೆ ಲೆಕ್ಕ ಹಾಕಿಕೊಡುವ ಎಂಜಿನಿಯರ್ ಅವನು. ತನ್ನ ಕೈಕೆಳಗೆ ಕೆಲಸ ಕಲಿತ ಹುಡುಗನನ್ನು ಕಂಪನಿಯವರು ತನ್ನ ಮೇಲೆ ತಂದು ಕೂರಿಸಿದ ವಾರವೇ ಅಲ್ಲಿನ ಬೇಸಿಗೆ ಅವನಿಗೆ ಒಗ್ಗದೆ ಹೋದದ್ದು. ಇಂದುಮತಿಗೆ ಇದು ಗೊತ್ತಿತ್ತು. ಯಾರೆದುರೂ ಹೇಳಲಿಲ್ಲ. ಅವನೆದುರು ಕೂಡ ಹೇಳಲಿಲ್ಲ. ಹೇಳಿದ್ದರೆ ಒಂದು ಜಗಳವಾಗಿ ಮುಗಿದುಹೋಗುತ್ತಿತ್ತೇನೋ.

ಅವಳು ಸೂಟ್‌ಕೇಸಿನ ಜಿಪ್ ಎಳೆದಳು.

ವಿಮಾನ ಸಂಜೆಗೆ. ಅದಕ್ಕೆ ಮೊದಲು ಪಕ್ಕದ ಊರು ಫುಲ್‌ಶೀರ್‌ನಲ್ಲಿ ಗೃಹಪ್ರವೇಶ. ಧಾರವಾಡ ಕಡೆಯ ಪ್ರಶಾಂತ್, ಚನ್ನಕೇಶವನ ಆಫೀಸಿನ ಹುಡುಗ, ಹೊಸ ಮನೆ ಕಟ್ಟಿಸಿದ್ದ. ಸಾಮಾನು ಕಾರಿಗೆ ಹಾಕಿಕೊಂಡೇ ಹೋದರು.

ಬೀದಿಯ ತುಂಬ ಒಂದೇ ಬಣ್ಣದ ಇಟ್ಟಿಗೆಯ ಮನೆಗಳು. ಒಂದೊಂದು ಮನೆಯ ಮುಂದೆ ಒಂದೊಂದು ಸಸಿ, ಬೀಳದ ಹಾಗೆ ಕೋಲು ಕಟ್ಟಿಸಿಕೊಂಡು ನಿಂತಿತ್ತು. ಹೊರಗೆ ನರಪಿಳ್ಳೆಯಿಲ್ಲ.

"ಬರ್ರಿ ಸರ, ಬರ್ರಿ ಅಕ್ಕಾರ," ಎಂದ ಪ್ರಶಾಂತ್, ರೇಷ್ಮೆ ಪಂಚೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು. "ಕಾರ್ ನೆರಳಿಗೆ ನಿಲ್ಲಿಸೀರೇನ್ರಿ?"

"ನೆರಳು ಎಲ್ಲಿದೆಯಪ್ಪ?"

"ಹತ್ತು ವರ್ಷ ತಡೀರಿ ಸರ. ಗಿಡ ದೊಡ್ಡವಾಗ್ತಾವ."

ಹೋಮ ಗ್ಯಾರೇಜಿನಲ್ಲಿ ನಡೆಯಿತು. ಹೊಗೆ ಕಂಡರೆ ಅರಚುವ ಯಂತ್ರಕ್ಕೆ ಸ್ನಾನದ ಟೋಪಿ ತೊಡಿಸಿದ್ದರು. ಹಾಲು ಉಕ್ಕಿತು. ಎಲ್ಲರೂ ಫೋನು ಹಿಡಿದು ಅದು ಉಕ್ಕುವುದನ್ನು ಕಾದರು, ಉಕ್ಕಿದ ಮೇಲೆ ಫೋನನ್ನೇ ನೋಡಿದರು.

ಊಟಕ್ಕೆ ಕುಳಿತಾಗ ನಂಜುಂಡಸ್ವಾಮಿ ಶುರುಮಾಡಿದ. ಇಲ್ಲಿಗೆ ಬಂದ ಮೊದಲ ವರ್ಷದಿಂದ ಸ್ನೇಹಿತ. ಚನ್ನಕೇಶವನಿಗೆ 'ಲಂಡನ್ ಅಂಕಲ್' ಎಂದು ಹೆಸರಿಟ್ಟವನು ಅವನೇ. ಚನ್ನಕೇಶವ ಲಂಡನ್ನಿನಲ್ಲಿ ಕಂಡದ್ದು ವಿಮಾನ ನಿಲ್ದಾಣವನ್ನು ಮಾತ್ರ.

"ಏ ಕೇಶವ, ಆ ಸತ್ಯನಾರಾಯಣನ ಪೂಜೆ ವಿಷ್ಯ ಹೇಳೋ. ಇವರೆಲ್ಲ ಕೇಳಿಲ್ಲ."

"ಎಷ್ಟು ಸಲ ಹೇಳೋದು ಮಾರಾಯ."

"ನಿನಗೇನು ಬೇರೆ ಕೆಲಸ ಇದ್ಯಾ? ಹೇಳು."

ಚನ್ನಕೇಶವ ಹೇಳಿದ. ಅಬರ್ಡೀನಿನಲ್ಲಿ ಜುಲೈ ತಿಂಗಳು, ಬಿಸಿಲು ಗ್ಯಾರಂಟಿ ಅಂತ ಸ್ನೇಹಿತರೊಬ್ಬರು ಹಿತ್ತಲಲ್ಲಿ ಟೆಂಟ್ ಹಾಕಿ ಪೂಜೆ ಇಟ್ಟುಕೊಂಡದ್ದು. ಸಂಕಲ್ಪಕ್ಕೆ ಬಿಸಿಲು, ಮೊದಲನೇ ಅಧ್ಯಾಯಕ್ಕೆ ತುಂತುರು, ಎರಡನೇ ಅಧ್ಯಾಯಕ್ಕೆ ಆಲಿಕಲ್ಲು. ಪುರೋಹಿತರು ಮಡಿಪಂಚೆಯ ಮೇಲೆ ರೇನ್‌ಕೋಟ್ ಹಾಕಿಕೊಂಡು ಕಥೆ ಓದಿದ್ದು. ಮಂಗಳಾರತಿಯ ಹೊತ್ತಿಗೆ ಸಮುದ್ರದಿಂದ ಮಂಜು ಬಂದು ಆರತಿ ಒಂದೇ ಕಾಣುತ್ತಿದ್ದದ್ದು, ಹಿಡಿದ ಪುರೋಹಿತರು ಕಾಣದೆ ಹೋದದ್ದು. ಪಕ್ಕದ ಮನೆಯ ಸ್ಕಾಟಿಷ್ ಮುದುಕ ಬೇಲಿಯ ಮೇಲಿಂದ ಬಗ್ಗಿ, ಪರವಾಗಿಲ್ಲ, ನಿನ್ನೆಗಿಂತ ಒಳ್ಳೇ ದಿನ ಅಂದದ್ದು. ಸಜ್ಜಿಗೆಯ ಪಾತ್ರೆಗೆ ಟೆಂಟಿನ ನೀರು ದಬದಬನೆ ಬಿದ್ದದ್ದು.

ಇಲ್ಲಿಗೆ ಅವನು ನಿಲ್ಲಿಸುವುದು ರೂಢಿ. ಕೊನೆಯ ಮಾತು ಇಂದುಮತಿಯದು. 'ಆ ಸಲ ಪ್ರಸಾದ ತಿನ್ನಲಿಲ್ಲ, ಕುಡಿದ್ವಿ' ಅಂತ ಅವಳು ಹೆಂಗಸರ ಸಾಲಿನಿಂದ ಹೇಳಬೇಕು. ಆಗ ನಗು.

ಅವನು ಕಾದ. ಎಲ್ಲರೂ ಅವನ ಮುಖ ನೋಡಿದರು. ಹೆಂಗಸರ ಸಾಲಿನಲ್ಲಿ ಅವಳ ತಟ್ಟೆ ಇತ್ತು, ಅವಳಿರಲಿಲ್ಲ.

"ಆ ಸಲ ಪ್ರಸಾದ ಕುಡಿದ್ವಿ," ಎಂದು ಅವನೇ ಹೇಳಿದ.

ನಕ್ಕರು. ಯಾರೋ ಸಾರು ಕೇಳಿದರು.

ಕೈ ತೊಳೆದು ಅವಳನ್ನು ಹುಡುಕಿಕೊಂಡು ಹೊರಟ. ಹೊಸ ಮನೆ, ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆಂದು ಗೊತ್ತಿಲ್ಲ. ಒಂದು ಬಾಗಿಲ ಹಿಂದೆ ಬರೀ ನೀರು ಕಾಯಿಸುವ ಯಂತ್ರವಿತ್ತು. ಇನ್ನೊಂದು ಅರೆ ತೆರೆದಿತ್ತು. ಒಳಗೆ ನೆಲದ ಮೇಲೆ ಇಂದುಮತಿ, ಎದುರಿಗೆ ಪ್ರಶಾಂತನ ಹೆಂಡತಿ ನಿಹಾರಿಕಾ, ನಡುವೆ ಒಂದು ಸ್ಟೀಲಿನ ಬಿಂದಿಗೆ, ಒಂದು ಹಸಿರು ಸೀರೆ.

ಕಳಶಕ್ಕೆ ಸೀರೆ ಉಡಿಸುವುದು.

ಅವನು ಬಾಗಿಲಾಚೆಯೇ ನಿಂತ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಈ ಕಡೆಯ ಕನ್ನಡದ ಮನೆಗಳಿಗೆಲ್ಲ ಹೋಗಿ ಕಳಶಕ್ಕೆ ಸೀರೆ ಉಡಿಸುವವಳು ಇಂದುಮತಿ. ಫ್ರೀವೇಯಲ್ಲಿ ಡ್ರೈವ್ ಮಾಡಲು ಹೆದರುವವಳನ್ನು ಯಾರಾದರೂ ಬಂದು ಕರೆದುಕೊಂಡು ಹೋಗುತ್ತಿದ್ದರು. ಇಡೀ ವರ್ಷದಲ್ಲಿ ಅವಳಿಗಾಗಿ ಕಾರುಗಳು ಸಾಲಾಗಿ ಬಂದು ನಿಲ್ಲುವುದು ಅದೊಂದು ದಿನ. ಎಷ್ಟೋ ಜನ ಕಲಿಸಿ ಅಂದಿದ್ದರು. 'ಕಲಿಸಿಬಿಟ್ರೆ ಆಮೇಲೆ ನನ್ನ ಯಾರೇ ಕರೀತಾರೆ?' ಅಂತ ನಕ್ಕು, ಬಾಗಿಲು ಹಾಕಿಕೊಂಡು ಉಡಿಸುತ್ತಿದ್ದಳು.

"ನೆರಿಗೆ ಇನ್ನೂ ಸಣ್ಣಗೆ ಹಿಡಿ," ಎನ್ನುತ್ತಿದ್ದಳು ಈಗ. "ದಾರ ಬಿಗಿ. ಇನ್ನೂ ಬಿಗಿ. ಹೂಂ. ಈಗ ಬಿಡಿಸು."

"ಅಯ್ಯೋ, ಜಾರ್ತಿದೆ ಆಂಟಿ. ಹಬ್ಬದ ಹೊತ್ತಿಗೆ ವೀಡಿಯೋ ಕಾಲ್‌ನಲ್ಲಿ ಹೇಳ್ಕೊಡಿ, ಸಾಕು."

"ವೀಡಿಯೋದಲ್ಲಿ ಬಿಗಿ ಗೊತ್ತಾಗಲ್ಲ ಕಣೇ. ಕೈಗೆ ಗೊತ್ತಾಗ್ಬೇಕು."

"ಈ ಸಲ ಹೇಗೋ ಮಾಡ್ತೀನಿ ಬಿಡಿ. ಮುಂದಿನ ವರ್ಷ ನೀವಿರ್ತೀರಲ್ಲ."

ಇಂದುಮತಿ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. "ಮುಂದಿನ ವರ್ಷಕ್ಕೂ ನೀನೇ ಕಲ್ತ್ಕೋ. ಮಿಕ್ಕ ಮನೆಯವರಿಗೂ ನೀನೇ ಉಡಿಸ್ಕೊಡು. ಬಿಚ್ಚು, ಇನ್ನೊಂದು ಸಲ ಕಟ್ಟು."

ನಿಹಾರಿಕಾ ಬಿಚ್ಚಿದಳು. "ಆಂಟಿ, ಅಂಕಲ್ ಹೇಳೋದೆಲ್ಲ ನಿಜಾನಾ? ಅಲ್ಲಿ ಸಮ್ಮರ್ ಅಷ್ಟು ದರಿದ್ರವಾ?"

"ಮಳೆ ನಿಜ. ಮಂಜೂ ನಿಜ." ಇಂದುಮತಿ ಬಿಚ್ಚಿದ ಸೀರೆಯ ಅಂಚು ನೇವರಿಸುತ್ತ ಮುಂದುವರಿಸಿದಳು. "ಅವತ್ತು ಗಾಳಿಗೆ ಟೆಂಟ್ ಹಾರಿಹೋಗ್ತಿತ್ತು. ಒಂದೊಂದು ಮೂಲೆ ಒಬ್ಬೊಬ್ಬ ಹೆಂಗಸು ಹಿಡ್ಕೊಂಡಿದ್ವಿ, ವಿಜಯಮ್ಮ ಎಲ್ಲ. ನಕ್ಕು ನಕ್ಕು ನನ್ನ ಕೈ ಬಿಟ್ಟೋಯ್ತು. ಅದಕ್ಕೇ ನೀರು ಸಜ್ಜಿಗೆಗೆ ಬಿದ್ದಿದ್ದು. ಅಷ್ಟು ನಕ್ಕಿದ್ದು ಆಮೇಲೆ ಇಲ್ಲ ಕಣೇ ನಾನು."

"ಅಂಕಲ್ ಅದನ್ನ ಹೇಳೋದೇ ಇಲ್ಲ."

"ಅವ್ರಿಗೆಲ್ಲಿ ಗೊತ್ತು. ಅವ್ರು ಮನೆ ಒಳಗಿದ್ರು."

ಚನ್ನಕೇಶವ ಹಿಂದಕ್ಕೆ ಹೆಜ್ಜೆಯಿಟ್ಟ. ಎಂಟು ವರ್ಷ ಹೇಳಿ ಹೇಳಿ ಆ ಮಳೆ ಅವನ ಬೆನ್ನಿನ ಮೇಲೆ ಬಿದ್ದದ್ದು ಅವನಿಗೆ ನೆನಪಿತ್ತು. ಅಂಗಿ ಮೈಗಂಟಿದ್ದು, ಕಾಲ್ಬೆರಳ ಸಂದಿನ ಕೆಸರು, ಎಲ್ಲ. ಈಗ ಹುಡುಕಿದರೆ ಸಿಕ್ಕಿದ್ದು ಒಂದು ಕಿಟಕಿ. ಕಿಟಕಿಯಾಚೆ ಬಾಯಿ ತೆರೆದು ನಗುತ್ತಿದ್ದ ಹೆಂಗಸರು. ಸದ್ದು ಕೇಳಿಸುತ್ತಿರಲಿಲ್ಲ.

ಹೊರಡುವಾಗ ನಿಹಾರಿಕಾ ತಾಂಬೂಲದ ಜೊತೆ ರವಿಕೆ ಕಣ ಕೊಟ್ಟು ಇಂದುಮತಿಯ ಕಾಲಿಗೆ ಬಿದ್ದಳು. ಇಂದುಮತಿ ಅವಳ ತಲೆಯ ಮೇಲೆ ಕೈಯಿಟ್ಟು, ತೆಗೆಯುವುದನ್ನು ಮರೆತವಳ ಹಾಗೆ ನಿಂತಳು.

ಏರ್‌ಪೋರ್ಟಿನ ದಾರಿ ಉದ್ದ. ಒಂದು ಮಾತು, ಕೇಳಿಬಿಟ್ಟರೆ ಆಯಿತು. ವಾಪಸ್ ಬರ್ತೀಯಾ? ಅಷ್ಟೇ. ಅವನು ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಎರಡು ಊರು ದಾಟಿದ.

"ಅಬರ್ಡೀನಲ್ಲಿ ನಾಳೆ ಮಳೆಯಂತೆ," ಎಂದ.

"ಹೂಂ."

"ನಾಳಿದ್ದೂ ಮಳೆ."

"ಗೊತ್ತು."

"ವಾರ ಪೂರ್ತಿ ಹಾಗೇ. ಹದಿಮೂರು ಡಿಗ್ರಿ. ಜುಲೈನಲ್ಲಿ."

"ಮಧ್ಯೆ ಮಧ್ಯೆ ಬಿಸಿಲು ಬರತ್ತೆ. ಬರಲ್ಲ ಅಂತ ಹೇಳಕ್ಕಾಗಲ್ಲ ಅಲ್ಲಿ." ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ಈಗ ರಾತ್ರಿ ಊಟ ಆದ್ಮೇಲೂ ಬೆಳಕಿರತ್ತೆ."

"ಅದಕ್ಕೇ ನಿದ್ದೆ ಬರಲ್ಲ."

"ನಂಗೆ ಬರ್ತಿತ್ತು."

ಒಂದು ಸೇತುವೆ ಏರಿ ಇಳಿದರು. ಇಲ್ಲಿ ನಾಳೆ ಹೇಗಿರುತ್ತದೆಂದು ಯೋಚಿಸಬೇಕಿಲ್ಲ, ಈ ದೇಶದಲ್ಲಿ ಅದೊಂದು ಸುಖ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಬಂದ ವರ್ಷ ಇಂದುಮತಿ ತರಕಾರಿಗೆಂದು ನಡೆದುಕೊಂಡು ಹೋಗಿದ್ದಳು. ಬಿಸಿಲಲ್ಲಿ ನಡೆಯುವವಳನ್ನು ಕಂಡು ಯಾರೋ ಕಾರು ನಿಲ್ಲಿಸಿ ನಿಮಗೇನಾದರೂ ತೊಂದರೆಯಾಗಿದೆಯೇ ಎಂದು ಕೇಳಿದರಂತೆ. ಇಲ್ಲ ಅಂದೆ, ಅವರು ನಂಬಲಿಲ್ಲ, ಎಂದು ಬಂದು ಹೇಳಿದ್ದಳು. ಆಮೇಲೆ ನಡೆಯಲು ಹೋಗಲಿಲ್ಲ.

"ಆ ಕೋಟು," ಎಂದ ಚನ್ನಕೇಶವ. "ಬೇಕಿತ್ತಾ ಅದು? ಚಳಿಗಾಲದ್ದು."

ಇಂದುಮತಿ ಅವನ ಕಡೆ ತಿರುಗಿದಳು. ಅವತ್ತಿಡೀ ದಿನದಲ್ಲಿ ಅವಳು ಅವನನ್ನು ನೇರ ನೋಡಿದ್ದು ಆಗ. ಕಾಯುತ್ತಿದ್ದಾಳೆ ಎನ್ನಿಸಿತು. ಅವನ ಕಣ್ಣು ರಸ್ತೆಯ ಮೇಲಿತ್ತು. ರಸ್ತೆಯ ಮೇಲೆ ಕಣ್ಣಿಡುವುದಕ್ಕೆ ಯಾವಾಗಲೂ ಕಾರಣವಿರುತ್ತದೆ.

"ಅಲ್ಲಿ ಬೇಸಿಗೆ ನಂಬಕ್ಕಾಗಲ್ಲ ಅಂತ ನೀವೇ ಹೇಳ್ತೀರಲ್ಲ," ಎಂದಳು.

"ಅದೂ ನಿಜ," ಎಂದ.

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಟರ್ಮಿನಲ್ಲಿನ ಮುಂದೆ ಕಾರು ನಿಧಾನ ಮಾಡಿದಾಗ, "ಪಾರ್ಕ್ ಮಾಡಿ ಒಳಗೆ ಬರ್ತೀನಿ," ಎಂದ.

"ಯಾಕೆ ಸುಮ್ನೆ. ಇಲ್ಲೇ ಬಿಡಿ." ಇಳಿದು, ಸೂಟ್‌ಕೇಸು ಅವಳೇ ಎಳೆದುಕೊಂಡಳು. "ಹುಳಿ ಎರಡು ದಿನಕ್ಕಾಗತ್ತೆ. ಮೊಸರಿಗೆ ಹೆಪ್ಪು ಹಾಕೋದು ಮರೀಬೇಡಿ. ಮರೆತ್ರೆ ನಂಜುಂಡಸ್ವಾಮಿ ಮನೆಯಿಂದ ಸ್ವಲ್ಪ ತಂದ್ಕೊಳಿ."

"ಹೂಂ."

"ಬಿಸಿಲಲ್ಲಿ ನಿಲ್ಬೇಡಿ, ಹೊರಡಿ."

ಹಿಂದಿನ ಕಾರಿನವನು ಹಾರ್ನ್ ಮಾಡಿದ. ಚನ್ನಕೇಶವ ಹೊರಟ. ಕನ್ನಡಿಯಲ್ಲಿ ಅವಳು ಕಾಣುತ್ತಾಳೆಂದುಕೊಂಡ. ಗಾಜಿನ ಬಾಗಿಲು ಕಂಡಿತು, ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು.

ಏರ್‌ಪೋರ್ಟಿನ ಸರಹದ್ದು ದಾಟುವ ಮೊದಲೇ ಆಕಾಶ ಕಪ್ಪಾಯಿತು. ಈ ಊರಿನಲ್ಲಿ ಮಧ್ಯಾಹ್ನದ ಮಳೆ ಹೀಗೆಯೇ, ಮುನ್ಸೂಚನೆಯಿಲ್ಲದೆ ಬಂದು ಬೀಳುತ್ತದೆ. ಅದನ್ನು ಮಾತ್ರ ಅವನು ಯಾವ ಊಟದ ಪಂಕ್ತಿಯಲ್ಲೂ ಹೇಳಿರಲಿಲ್ಲ. ರಸ್ತೆ ಕಾಣದೆ ಪಕ್ಕದ ಬಯಲಿಗೆ ಕಾರು ತಿರುಗಿಸಿದ. ವಿಮಾನದಲ್ಲಿ ಬರುವವರನ್ನು ಕರೆದೊಯ್ಯಲು ಬಂದವರು, ಇಳಿದೆವು ಎಂದು ಫೋನು ಬರುವ ತನಕ ಕಾಯುವ ಜಾಗ ಅದು. ವೈಪರ್ ಜೋರು ಮಾಡಿದ.

ಫೋನು ಮಿನುಗಿತು. 'ಫ್ಲೈಟ್ ಲೇಟಂತೆ. ಮಳೆ.'

ಅವನ ಎದೆ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯಾಯಿತು. 'ಕ್ಯಾನ್ಸಲ್ ಆದ್ರೆ ಹೇಳು, ಇಲ್ಲೇ ಇದೀನಿ' ಎಂದು ಬರೆದು ಅಳಿಸಿದ. 'ಬಂದ್ಬಿಡು' ಎಂದು ಬರೆದ. ಆ ಪದವನ್ನು ನೋಡುತ್ತ ಕುಳಿತ. ಬೇರೆ ಯಾರೋ ಬರೆದ ಹಾಗಿತ್ತು. ಅಳಿಸಿದ.

'ನೋಡು, ಇಲ್ಲೂ ಮಳೆ' ಎಂದು ಕಳಿಸಿದ.

'ಹೂಂ' ಎಂದು ಬಂತು.

ಅಷ್ಟೆ. ಸ್ವಲ್ಪ ಹೊತ್ತಿಗೆ ಮಳೆ, ಯಾರೋ ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಬಿಸಿಲು ಮೊದಲಿಗಿಂತ ಬೆಳ್ಳಗೆ ಬಿತ್ತು. ಡಾಂಬರಿನಿಂದ ಹಬೆ ಎದ್ದಿತು. ಮೋಡದ ಹರಕಿನಲ್ಲಿ ಒಂದು ವಿಮಾನ ಏರಿತು, ಅದರ ಹಿಂದೆ ಇನ್ನೊಂದು. ಯಾವುದು ಎಲ್ಲಿಗೆಂದು ಕೆಳಗಿನಿಂದ ತಿಳಿಯುತ್ತಿರಲಿಲ್ಲ. ಸುತ್ತಲಿನ ಕಾರುಗಳಲ್ಲಿ ಒಂದೊಂದೇ ಫೋನು ಬಡಿದುಕೊಂಡಿತು. ಕಾರುಗಳು ಒಂದೊಂದೇ ಹೊರಟವು.

ಕಾವಲುಗಾರನೊಬ್ಬ ಬಂದು ಕಿಟಕಿಯ ಗಾಜು ತಟ್ಟಿದ. ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದ.

"ಹೆಂಡತಿಗೆ," ಎಂದ ಚನ್ನಕೇಶವ, ಇಂಗ್ಲಿಷಿನಲ್ಲಿ.

ಎಲ್ಲಿಂದ ಬರುತ್ತಿದ್ದಾರೆ?

"ಸ್ಕಾಟ್ಲೆಂಡ್."

ಅಲ್ಲಿ ತಂಪಾಗಿರಬೇಕು, ಎಂದು ಕಾವಲುಗಾರ ಹಣೆ ಒರೆಸಿಕೊಂಡ. ಚನ್ನಕೇಶವನ ಬಾಯಿಗೆ ಅಲ್ಲಿನ ಬೇಸಿಗೆಯ ಮಾತು ತಾನಾಗಿ ಬಂತು. ಆದರೆ ಕಾವಲುಗಾರ ಆಗಲೇ ಮುಂದಿನ ಕಾರಿನ ಕಡೆ ಹೊರಟಿದ್ದ. ಎರಡು ಹೆಜ್ಜೆ ಹೋಗಿ ತಿರುಗಿ, ಗಾಜಿನ ಕಡೆ ಬೆರಳು ಮಾಡಿ ಏನೋ ಹೇಳಿದ. ಕೇಳಿಸಲಿಲ್ಲ.

ಗಾಜು ಒಣಗಿಹೋಗಿತ್ತು. ಅದರ ಮೇಲೆ ವೈಪರ್ ಇನ್ನೂ ಪೂರ್ತಿ ವೇಗದಲ್ಲಿ, ಕಿರ್ರ್ ಎಂದು ರಬ್ಬರು ಸವೆಸುತ್ತ, ಇಲ್ಲದ ಮಳೆಯನ್ನು ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತಳ್ಳುತ್ತಿತ್ತು. ಚನ್ನಕೇಶವ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತ.